ಬಡಾವಣೆಯ ಕ್ಲಿನಿಕ್ಕಿನಲ್ಲೇ ಸಂಶೋಧನೆ

ತಿಂಗಳು ತುಂಬದ ಕೂಸಿಗೆ ಮೈ ಬಿಸಿಯಾದರೆ ಏನು ಮಾಡಬೇಕು? ರಕ್ತ, ಮೂತ್ರ, ಬೆನ್ನುಹುರಿಯ ನೀರು ಎಲ್ಲವನ್ನೂ ಪರೀಕ್ಷಿಸಿ, ಆಸ್ಪತ್ರೆಗೆ ಸೇರಿಸಿ ಎಂದು ಅಮೆರಿಕದ ಮಾರ್ಗಸೂಚಿಗಳು ಹೇಳುತ್ತಿದ್ದವು. ಅವುಗಳ ಹಿಂದಿದ್ದ ಅನುಭವ ಬಹುಪಾಲು ದೊಡ್ಡ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗದ್ದು. ಬಡಾವಣೆಯ ಮಕ್ಕಳ ಡಾಕ್ಟರ ಕ್ಲಿನಿಕ್ಕಿಗೆ ಬರುವ ಕೂಸುಗಳ ಲೆಕ್ಕ ಯಾರ ಬಳಿಯೂ ಇರಲಿಲ್ಲ.

ಇಂಥ ಕೊರತೆಗಳನ್ನು ನೀಗಲೆಂದೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1986ರಲ್ಲಿ ‘ಪ್ರಾಸ್’ ಎಂಬ ಜಾಲವನ್ನು ಕಟ್ಟಿತು. ‘ಪೀಡಿಯಾಟ್ರಿಕ್ ರಿಸರ್ಚ್ ಇನ್ ಆಫೀಸ್ ಸೆಟ್ಟಿಂಗ್ಸ್’ ಅದರ ಪೂರ್ಣ ಹೆಸರು. ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಅಧ್ಯಯನದ ವಿಧಾನ ರೂಪಿಸಿ ಅಂಕಿಅಂಶ ವಿಶ್ಲೇಷಿಸುತ್ತಾರೆ; ಕ್ಲಿನಿಕ್ಕಿನ ಡಾಕ್ಟರು ರೋಗಿಗಳನ್ನು ನೋಡುತ್ತಲೇ ಮಾಹಿತಿ ಬರೆದಿಡುತ್ತಾರೆ. ಯಾವ ಪ್ರಶ್ನೆ ಎತ್ತಿಕೊಳ್ಳಬೇಕು ಎನ್ನುವಲ್ಲಿಯೂ ಅವರ ಮಾತಿಗೆ ಬೆಲೆಯುಂಟು. ನನ್ನ ಮಟ್ಟಿಗೆ ಈ ಜಾಲದ ಜೀವಾಳ ಅದೇ.

1995ರಿಂದ 1998ರವರೆಗೆ ಈ ಜಾಲದ 219 ಕ್ಲಿನಿಕ್ಕುಗಳ 573 ವೈದ್ಯರು, ಮೂರು ತಿಂಗಳೊಳಗಿನ, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ 3,066 ಕೂಸುಗಳ ವಿವರ ದಾಖಲಿಸಿದರು. ಸ್ಯಾನ್ ಫ್ರಾನ್ಸಿಸ್ಕೋದ ರಾಬರ್ಟ್ ಪ್ಯಾಂಟೆಲ್ ಮತ್ತು ಸಂಗಡಿಗರು 2004ರಲ್ಲಿ ಫಲಿತಾಂಶ ಪ್ರಕಟಿಸಿದಾಗ ಅಚ್ಚರಿ ಕಾದಿತ್ತು. ಡಾಕ್ಟರು ಮಾರ್ಗಸೂಚಿಯಂತೆ ನಡೆದದ್ದು ಶೇ 42ರಷ್ಟು ಸಂದರ್ಭಗಳಲ್ಲಿ ಮಾತ್ರ. ಮೂರರಲ್ಲಿ ಎರಡು ಪಾಲು ಕೂಸುಗಳು ಆಸ್ಪತ್ರೆಗೆ ಸೇರಲೇ ಇಲ್ಲ. ಹಾಗಿದ್ದೂ, ರಕ್ತಕ್ಕೆ ಬ್ಯಾಕ್ಟೀರಿಯಾ ಸೇರಿದ್ದ ಅಥವಾ ಮೆನಿಂಜೈಟಿಸ್ ತಗುಲಿದ್ದ 63 ಕೂಸುಗಳ ಪೈಕಿ 61ಕ್ಕೆ ಮೊದಲ ಭೇಟಿಯಲ್ಲೇ ಆ್ಯಂಟಿಬಯೋಟಿಕ್ ಸಿಕ್ಕಿತ್ತು. ಮಾರ್ಗಸೂಚಿಯನ್ನು ಚಾಚೂ ತಪ್ಪದೆ ಪಾಲಿಸಿದ್ದರೆ ಚಿಕಿತ್ಸೆ ಇದಕ್ಕಿಂತ ಮೇಲಾಗುತ್ತಿರಲಿಲ್ಲ. ಪರೀಕ್ಷೆಗಳೂ ಆಸ್ಪತ್ರೆವಾಸವೂ ಹೆಚ್ಚುತ್ತಿದ್ದವು, ಅಷ್ಟೆ.

ಇದನ್ನು ಓದಿ, ಎಳೆಗೂಸಿನ ಜ್ವರವನ್ನು ಮನೆಯಲ್ಲೇ ನೋಡಿಕೊಳ್ಳಬಹುದು ಎಂದು ಯಾರೂ ತಿಳಿಯಬಾರದು. ಕೂಸನ್ನು ಮನೆಗೆ ಕಳಿಸಬೇಕೋ ಬೇಡವೋ ಎಂದು ನಿರ್ಧರಿಸಿದ್ದು, ಅದನ್ನು ಮುಟ್ಟಿ ನೋಡಿ, ಮತ್ತೆ ವಿಚಾರಿಸಿಕೊಳ್ಳುವ ಅನುಭವಿ ಡಾಕ್ಟರು.

ಇದೇ ಜಾಲ 1997ರಲ್ಲಿ 17,077 ಹೆಣ್ಣುಮಕ್ಕಳ ವಿವರ ಮುಂದಿಟ್ಟು, ಪಠ್ಯಪುಸ್ತಕಗಳು ಹೇಳಿದ್ದಕ್ಕಿಂತ ಬೇಗ ಹುಡುಗಿಯರ ಮೈನೆರೆಯುವ ಲಕ್ಷಣಗಳು ಕಾಣಿಸಿಕೊಳ್ಳುತ್ತಿವೆ ಎಂದು ತೋರಿಸಿತು. ಆ ಶಂಕೆ ಮೊದಲು ಮೂಡಿದ್ದೂ ಮಕ್ಕಳನ್ನು ದಿನವೂ ಪರೀಕ್ಷಿಸುತ್ತಿದ್ದ ಮಾರ್ಸಿಯಾ ಹರ್ಮನ್-ಗಿಡ್ಡನ್ಸ್ ಅವರಿಗೆ.

ಜ್ವರದ ವಿಚಾರದಲ್ಲಿ ಅಕಾಡೆಮಿ 2021ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿತು. ಎಂಟರಿಂದ 60 ದಿನದೊಳಗಿನ, ನೋಡಲು ಗೆಲುವಾಗಿರುವ ಕೂಸುಗಳಿಗೆ ಸಂಬಂಧಿಸಿದ ಅದು, ಕೆಲವು ನಿರ್ಧಾರಗಳಲ್ಲಿ ತಂದೆತಾಯಿಯರನ್ನೂ ಜೊತೆಗೂಡಿಸಿಕೊಳ್ಳುತ್ತದೆ. ಅದರ ಮೊದಲ ಲೇಖಕರು ಅದೇ ರಾಬರ್ಟ್ ಪ್ಯಾಂಟೆಲ್.