ಸಂತೋಷದ ಅಳತೆಯೂ ‘ಧನ್ಯರು’ ಎಂಬ ಪದವೂ

ಒಂದು ರಾಷ್ಟ್ರವು ಸಂತೋಷದಿಂದಿದೆ ಎಂದು ಹೇಳುವುದಕ್ಕೆ ಆಧಾರವೇನು? 2012ರಿಂದ ಪ್ರಕಟವಾಗುತ್ತಿರುವ ವಿಶ್ವ ಸಂತೋಷ ವರದಿಯು ಒಂದೇ ಸರಳ ಪ್ರಶ್ನೆಯನ್ನು ಆಶ್ರಯಿಸಿದೆ. ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ ರೂಪಿಸಿ, 1965ರ ತನ್ನ ಗ್ರಂಥದಲ್ಲಿ ವಿವರಿಸಿದ ಏಣಿ ಅದು. ಸೊನ್ನೆಯ ಮೆಟ್ಟಿಲು ನಿಮಗೆ ಒದಗಬಹುದಾದ ಅತಿ ಕೆಟ್ಟ ಬದುಕು, ಹತ್ತನೆಯದು ಅತ್ಯುತ್ತಮ ಬದುಕು. ಈಗ ನೀವು ಎಲ್ಲಿ ನಿಂತಿದ್ದೀರಿ? ಗ್ಯಾಲಪ್ ಸಂಸ್ಥೆಯು ಸಾಮಾನ್ಯವಾಗಿ ಪ್ರತಿ ದೇಶದಲ್ಲಿ ವರ್ಷಕ್ಕೆ ಸುಮಾರು 1,000 ಮಂದಿಯನ್ನು ಹೀಗೆ ಕೇಳುತ್ತದೆ. ಮೂರು ವರ್ಷಗಳ ಸರಾಸರಿಯಿಂದ ಸ್ಥಾನ ನಿರ್ಧಾರವಾಗುತ್ತದೆ. 2018ರಿಂದ 2025ರವರೆಗೆ ಫಿನ್‌ಲೆಂಡ್ ಮೊದಲನೆಯದಾಗಿತ್ತು. ತಲಾ ಆದಾಯ, ಆರೋಗ್ಯವಂತ ಆಯುಷ್ಯ, ಔದಾರ್ಯ ಮೊದಲಾದ ಆರು ಅಂಶಗಳನ್ನು ಕೂಡಿಸಿ ಅಂಕ ಕೊಡುತ್ತಾರೆಂಬ ತಿಳುವಳಿಕೆ ಸರಿಯಲ್ಲ. ಅವು ದೇಶದೇಶಗಳ ಅಂತರವನ್ನು ವಿವರಿಸುವುದಕ್ಕೆ ಮಾತ್ರ. ಅಂಕವು ಜನರ ಉತ್ತರವೇ.

ಇದರಲ್ಲಿ ಮೆಚ್ಚತಕ್ಕದ್ದಿದೆ. ತಜ್ಞನು ತೀರ್ಪು ಕೊಡದೆ ಬದುಕುವವನನ್ನೇ ಕೇಳುತ್ತಾನೆ. ಆದರೆ ಆತನು ಏನನ್ನು ಬಯಸಿ ಆ ಮೆಟ್ಟಿಲನ್ನು ಆರಿಸಿಕೊಂಡನೆಂಬುದನ್ನು ಏಣಿಯು ವಿಚಾರಿಸುವುದಿಲ್ಲ. ಕ್ರಿ.ಶ. 386ರಲ್ಲಿ ಕಾಸಿಸಿಯಾಕುಮ್‌ನಲ್ಲಿ ಅಗಸ್ಟೀನನು ಸುಖಜೀವನದ ಕುರಿತು ನಡೆಸಿದ ಸಂವಾದದಲ್ಲಿ, ಬಯಸಿದ್ದನ್ನು ಪಡೆದವನು ಸುಖಿಯೇ ಎಂಬ ಪ್ರಶ್ನೆಗೆ ತಾಯಿ ಮೋನಿಕಳೇ ಉತ್ತರವಿತ್ತಳು: ಒಳ್ಳೆಯದನ್ನು ಬಯಸಿ ಪಡೆದರೆ ಸುಖಿ, ಕೆಟ್ಟದ್ದನ್ನು ಬಯಸಿದರೆ ಪಡೆದರೂ ದುಃಖಿ. ಅಮರ್ತ್ಯ ಸೇನ್ ತೋರಿಸುವ ತೊಡಕು ಇನ್ನೊಂದು ಬಗೆಯದು. ದೀರ್ಘಕಾಲ ಅಭಾವದಲ್ಲಿ ಬದುಕಿದವರು ಆಸೆಗಳನ್ನೇ ಕುಗ್ಗಿಸಿಕೊಂಡು ಅಲ್ಪದಲ್ಲಿ ತೃಪ್ತರಾಗುತ್ತಾರೆ. ಮನೆಭೇಟಿಯಲ್ಲಿ “ಕರ್ತನ ಕೃಪೆಯಿಂದ ಚೆನ್ನಾಗಿದ್ದೇವೆ, ಅಯ್ಯನವರೇ” ಎಂಬ ಮಾತು ಕೇಳಿದಾಗ ಅದು ವಿಶ್ವಾಸದ ಸಾಕ್ಷಿಯೋ ಕುಗ್ಗಿದ ಆಸೆಯ ಸಾಕ್ಷಿಯೋ ಎಂದು ಸಭಾಪಾಲಕರಾದ ನಾವು ಎಷ್ಟು ಸಲ ವಿಚಾರಿಸಿದ್ದೇವೆ?

ಭೂತಾನದ ಉದಾಹರಣೆ ಇನ್ನೂ ಕಠಿನವಾದುದು. ಅರಸ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ 1970ರ ದಶಕದಲ್ಲಿ ಮುಂದಿಟ್ಟ ‘ರಾಷ್ಟ್ರೀಯ ಸಮಗ್ರ ಸಂತೋಷ’ವು 2008ರ ಸಂವಿಧಾನವನ್ನೂ ಸೇರಿತು. ಅದರ ಸೂಚ್ಯಂಕವು ಒಂಬತ್ತು ಕ್ಷೇತ್ರಗಳನ್ನೂ 33 ಸೂಚಕಗಳನ್ನೂ ಒಳಗೊಂಡಿದೆ. ಕ್ಯಾಂಟ್ರಿಲನ ಏಣಿಗಿಂತ ಬಹಳ ಶ್ರೀಮಂತವಾದ ಅಳತೆ. ಆದರೆ 1990ರ ದಶಕದ ಆರಂಭದಲ್ಲಿ ಅದೇ ದೇಶದಿಂದ ನೇಪಾಳಿ ಭಾಷಿಕರಾದ ಲೋತ್‌ಶಂಪಾ ಜನರು ಹೊರದಬ್ಬಲ್ಪಟ್ಟರು. ಒಂದು ಲಕ್ಷಕ್ಕೂ ಮಿಕ್ಕಿದ ನಿರಾಶ್ರಿತರು ಪೂರ್ವ ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದರು. ಸಮೀಕ್ಷೆಯು ದೇಶದೊಳಗೆ ಉಳಿದವರದು. ಗಡಿಯಾಚೆಗೆ ಕಳುಹಿಸಲ್ಪಟ್ಟವನ ದುಃಖವು ಯಾವ ಸರಾಸರಿಯನ್ನೂ ಇಳಿಸುವುದಿಲ್ಲ.

ಪರ್ವತ ಪ್ರಸಂಗದ ಗ್ರೀಕ್ ಪದ ‘ಮಕಾರಿಯೊಯಿ’. ಕೆಲವು ಇಂಗ್ಲಿಷ್ ಭಾಷಾಂತರಗಳು ಅದನ್ನು ‘ಸಂತೋಷವುಳ್ಳವರು’ ಎಂಬರ್ಥದಲ್ಲಿ ಕೊಟ್ಟಿವೆ. ನಮ್ಮ ಸತ್ಯವೇದದ ‘ಧನ್ಯರು’ ಎಂಬುದೇ ಲೇಸು. ದುಃಖಪಡುವವರನ್ನು ಯೇಸು “ನಿಮಗೆ ಹೇಗನಿಸುತ್ತದೆ?” ಎಂದು ಕೇಳಲಿಲ್ಲ. ಅವರ ವಿಷಯವಾಗಿ ದೇವರು ಏನು ಮಾಡಲಿದ್ದಾನೆಂಬುದನ್ನು ಸಾರಿದನು. ಆದಕಾರಣ ಬಡತನವೇ ಸುಖವೆಂದು ಬೋಧಿಸುವ ಪ್ರಸಂಗಕ್ಕೆ ಇಲ್ಲಿ ಆಧಾರವಿಲ್ಲ. ಅಂಥ ಬೋಧನೆಯು ಹಸಿದವನ ಬಾಯಿಂದ ಆರು ಅಥವಾ ಏಳು ಎನ್ನಿಸುವ ಉಪಾಯವಷ್ಟೇ.

ಲೂಕನು (6:20–26) ಎದುರುಬದಿಯನ್ನೂ ಬರೆದಿಟ್ಟಿದ್ದಾನೆ: ಐಶ್ವರ್ಯವಂತರು, ಹೊಟ್ಟೆತುಂಬಿದವರು, ಈಗ ನಗುವವರು. ಕ್ಯಾಂಟ್ರಿಲನ ಪ್ರಶ್ನೆಯನ್ನು ಅವರಿಗೆ ಹಾಕಿದ್ದರೆ ಒಂಬತ್ತು ಎನ್ನುತ್ತಿದ್ದರೇನೋ. ಸುಳ್ಳನ್ನೇನೂ ಹೇಳುತ್ತಿರಲಿಲ್ಲ.