ಹೋರಿ ಬೆದರಿಸುವ ಸ್ಪರ್ಧೆಯ ಹಂಗಾಮು (ಶಿಕಾರಿಪುರ ಮತ್ತು ಸೊರಬ)

ಹೋರಿ ಬೆದರಿಸುವ ಸ್ಪರ್ಧೆಯು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಹಾಗೂ ನೆರೆಯ ಹಾವೇರಿ ಜಿಲ್ಲೆಯಲ್ಲಿ ಪ್ರಚಲಿತವಿರುವ ಒಂದು ಗ್ರಾಮೀಣ ಕ್ರೀಡೆಯಾಗಿದೆ. ಇದನ್ನು ಹೋರಿ ಹಬ್ಬ, ಹಟ್ಟಿ ಹಬ್ಬ, ದನ ಬೆದರಿಸುವ ಹಬ್ಬ, ಕೊಬ್ಬರಿ ಹೋರಿ ಸ್ಪರ್ಧೆ ಎಂಬ ಹೆಸರುಗಳಿಂದಲೂ ಕರೆಯುತ್ತಾರೆ. ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿಸಿಕೊಂಡ ಹೋರಿಯು ಜನಸಂದಣಿಯ ನಡುವಿನ ಓಣಿಯಲ್ಲಿ ಓಡುತ್ತದೆ. ಆ ಸರವನ್ನು ಕೀಳಲು ಯುವಕರು ಪ್ರಯತ್ನಿಸುತ್ತಾರೆ. ದೀಪಾವಳಿಯ ಬಲಿಪಾಡ್ಯಮಿಯಂದು ಆರಂಭವಾಗುವ ಈ ಸ್ಪರ್ಧೆಗಳು ಊರಿಂದ ಊರಿಗೆ ಸಾಗುತ್ತ ಕೆಲವು ತಿಂಗಳುಗಳ ಕಾಲ ನಡೆಯುತ್ತವೆ. ಈ ಅವಧಿಯನ್ನೇ ಸ್ಪರ್ಧೆಯ ಹಂಗಾಮು ಎನ್ನಬಹುದು.

ಹಿನ್ನೆಲೆ

ಈ ಕ್ರೀಡೆಯ ಮೂಲವು ದೀಪಾವಳಿಯ ಗೋಪೂಜೆಯಲ್ಲಿದೆ. ಬಲಿಪಾಡ್ಯಮಿಯಂದು ರೈತರು ದನಕರುಗಳ ಮೈ ತೊಳೆದು, ಕೊಂಬುಗಳಿಗೆ ಬಣ್ಣ ಬಳಿದು, ಚೆಂಡುಹೂವು, ಅಡಿಕೆ, ಪಚ್ಚೆತೆನೆ ಮೊದಲಾದವುಗಳ ಸರ ಕಟ್ಟಿ ಪೂಜಿಸುತ್ತಾರೆ. ಪೂಜೆಯ ಬಳಿಕ ಸಿಂಗರಿಸಿದ ದನಗಳನ್ನು ಊರ ಬೀದಿಯಲ್ಲಿ ಓಡಿಸುವುದು ವಾಡಿಕೆ. ಹಾಗೆ ಓಡುವ ದನದ ಕೊರಳಿನ ಸರವನ್ನು ಕೀಳುವುದು ಮೊದಲು ಊರವರ ವಿನೋದವಾಗಿತ್ತು. ಮುಂದೆ ಅದಕ್ಕೆ ಸಮಿತಿ, ತೀರ್ಪುಗಾರರು, ಬಹುಮಾನಗಳು ಸೇರಿ ಅದು ಸಂಘಟಿತ ಸ್ಪರ್ಧೆಯ ರೂಪ ಪಡೆಯಿತು.

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮಲೆನಾಡು ಹಾಗೂ ಬಯಲುಸೀಮೆಗಳ ನಡುವಿನ ಅರೆಮಲೆನಾಡಿನಲ್ಲಿವೆ. ಮಲೆನಾಡಿನ ಅಂಟಿಗೆ-ಪಂಟಿಗೆಯಂತಹ ದೀಪಾವಳಿ ಆಚರಣೆಗಳೂ ಬಯಲುಸೀಮೆಯ ಎತ್ತುಗಳ ಸಂಸ್ಕೃತಿಯೂ ಇಲ್ಲಿ ಕೂಡಿಕೊಂಡಿವೆ. ಶಿಕಾರಿಪುರಕ್ಕೆ ಹಿರೇಕೆರೂರು, ಸೊರಬಕ್ಕೆ ಹಾನಗಲ್ಲು ನೆರೆಯ ತಾಲ್ಲೂಕುಗಳಾಗಿರುವುದರಿಂದ ಹೋರಿಗಳೂ ಪ್ರೇಕ್ಷಕರೂ ಜಿಲ್ಲೆಯ ಗಡಿ ದಾಟಿ ಬಂದುಹೋಗುವುದು ಸಾಮಾನ್ಯ.

ಹಂಗಾಮಿನ ಕಾಲ

ಹಂಗಾಮಿನ ಆರಂಭವು ಚಾಂದ್ರಮಾನ ಪಂಚಾಂಗವನ್ನು ಅವಲಂಬಿಸಿರುವುದರಿಂದ ಪ್ರತಿವರ್ಷ ದಿನಾಂಕ ಬದಲಾಗುತ್ತದೆ. ಬಲಿಪಾಡ್ಯಮಿಯು 2023ರಲ್ಲಿ ನವೆಂಬರ್ 14ರಂದು, 2024ರಲ್ಲಿ ನವೆಂಬರ್ 2ರಂದು, 2025ರಲ್ಲಿ ಅಕ್ಟೋಬರ್ 22ರಂದು ಬಂದಿತ್ತು. ಮೊದಲ ದಿನಗಳಲ್ಲಿ ಆಯಾ ಊರಿನ ದನಗಳೇ ಓಡುತ್ತವೆ. ಭತ್ತ ಮತ್ತು ಮೆಕ್ಕೆಜೋಳದ ಕೊಯ್ಲು ಮುಗಿದು ರೈತರಿಗೆ ಬಿಡುವು ದೊರೆತ ಮೇಲೆ ದೊಡ್ಡ ಬಹುಮಾನದ ಸ್ಪರ್ಧೆಗಳು ಏರ್ಪಡುತ್ತವೆ. ಸಂಕ್ರಾಂತಿಯ ನಂತರವೂ ಇವು ಮುಂದುವರಿದು, ಬಿಸಿಲು ಏರುತ್ತಿದ್ದಂತೆ ಕಡಿಮೆಯಾಗುತ್ತವೆ.

ಸ್ಪರ್ಧೆಯ ಕ್ರಮ

ಊರ ಬೀದಿಯಲ್ಲಿ ಅಥವಾ ಬಯಲಿನಲ್ಲಿ ಎರಡೂ ಬದಿಗೆ ಮರದ ಗಳುಗಳಿಂದ ತಡೆ ಕಟ್ಟಿ ಓಣಿಯಂತಹ ಅಖಾಡವನ್ನು ಸಿದ್ಧಪಡಿಸುತ್ತಾರೆ. ಹೋರಿಗಳನ್ನು ಒಂದೊಂದಾಗಿ ಬಿಡಲಾಗುತ್ತದೆ. ಕೆಲವು ಹೋರಿಗಳಿಗೆ ಕೊಬ್ಬರಿ ಸರದ ಜೊತೆಗೆ ಬಲೂನು, ಬಣ್ಣದ ಕಾಗದಗಳಿಂದ ಕಟ್ಟಿದ ಎತ್ತರದ ಅಲಂಕಾರವಿರುತ್ತದೆ. ಬೆನ್ನ ಮೇಲೆ ಬಣ್ಣದ ಜೂಲು ಹೊದಿಸುತ್ತಾರೆ.

ಗೆಲುವಿನ ನಿಯಮ ಸರಳವಾಗಿದೆ. ಹೋರಿಯು ಯಾರಿಗೂ ಸಿಗದೆ, ಕೊಬ್ಬರಿ ಕಳೆದುಕೊಳ್ಳದೆ ಅಖಾಡವನ್ನು ದಾಟಿದರೆ ಗೆಲುವು ಹೋರಿಯದು. ಓಟದ ನಡುವೆ ಕೊಬ್ಬರಿ ಕಿತ್ತವನಿಗೆ ಗೆಲುವು ಅವನದು. ಹೋರಿಯ ಓಟದ ರಭಸ, ಜನರನ್ನು ತಪ್ಪಿಸಿಕೊಂಡು ನುಗ್ಗುವ ರೀತಿ ಇವುಗಳನ್ನು ತೀರ್ಪುಗಾರರು ಪರಿಗಣಿಸುತ್ತಾರೆ. ಉತ್ತಮ ಹೋರಿಗಳ ಮಾಲೀಕರಿಗೂ ಉತ್ತಮವಾಗಿ ಹಿಡಿದವರಿಗೂ ಬಹುಮಾನಗಳಿರುತ್ತವೆ. ಬೈಕು, ಬಂಗಾರ, ತಿಜೋರಿ, ಫ್ರಿಜ್ ಮೊದಲಾದವು ಸಾಮಾನ್ಯ ಬಹುಮಾನಗಳು.

ಓಡುವವನನ್ನು ಹಿಡಿದು ನಿಲ್ಲಿಸುವ ಆಟಗಳಾದ ಕಬಡ್ಡಿ, ರಗ್ಬಿ ಇವುಗಳೊಡನೆ ಇದನ್ನು ಹೋಲಿಸಬಹುದು. ಆದರೆ ವ್ಯತ್ಯಾಸಗಳು ಮುಖ್ಯವಾಗಿವೆ. ಇಂಗ್ಲೆಂಡಿನಲ್ಲಿ 1896–97ರಲ್ಲಿ ಆರಂಭವಾದ ರಗ್ಬಿ ಲೀಗ್ ಚಾಲೆಂಜ್ ಕಪ್ ನಾಕೌಟ್ ಪಂದ್ಯಾವಳಿಯಾಗಿದ್ದು, ಸೋತ ತಂಡವು ಆ ವರ್ಷದ ಮಟ್ಟಿಗೆ ಹೊರಬೀಳುತ್ತದೆ. ಹೋರಿ ಸ್ಪರ್ಧೆಯಲ್ಲಿ ಹಂಗಾಮಿಗೆಲ್ಲ ಸೇರಿ ಒಂದೇ ಕಪ್ಪು ಇಲ್ಲ. ಪ್ರತಿ ಊರಿನ ಸ್ಪರ್ಧೆಯೂ ಸ್ವತಂತ್ರವಾದುದು. ಒಂದು ಊರಿನಲ್ಲಿ ಕೊಬ್ಬರಿ ಕಳೆದುಕೊಂಡ ಹೋರಿ ಮುಂದಿನ ಊರಿನಲ್ಲಿ ಗೆಲ್ಲಬಹುದು. ಹಂಗಾಮಿನುದ್ದಕ್ಕೂ ಕೊಬ್ಬರಿ ಬಿಟ್ಟುಕೊಡದ ಹೋರಿಯ ಹೆಸರು ಸುತ್ತಣ ತಾಲ್ಲೂಕುಗಳಲ್ಲೆಲ್ಲ ಹರಡುತ್ತದೆ.

ಹೋರಿಗಳ ಪಾಲನೆ

ಚುರುಕಿನ ಓಟಕ್ಕೆ ಹೆಸರಾದ ಹಳ್ಳಿಕಾರ್ ಮತ್ತು ಅಮೃತಮಹಲ್ ತಳಿಯ ಹೋರಿಗಳಿಗೆ ಬೇಡಿಕೆಯಿದೆ. ಸ್ಪರ್ಧೆಯ ಹೋರಿಯನ್ನು ಸಾಮಾನ್ಯವಾಗಿ ಉಳುಮೆಗೆ ಹೂಡುವುದಿಲ್ಲ. ಹುರುಳಿ, ಹತ್ತಿಕಾಳು, ಹಿಂಡಿ ಮೊದಲಾದ ಆಹಾರ ಕೊಟ್ಟು, ಕೆರೆಯಲ್ಲಿ ಈಜಿಸಿ, ಓಟ ಕಲಿಸಿ ಅದನ್ನು ಸಿದ್ಧಗೊಳಿಸುತ್ತಾರೆ. ಹೋರಿಗಳಿಗೆ ಹೆಸರಿಡುವ ರೂಢಿಯೂ ಇದೆ. ಅಭಿಮಾನಿಗಳು ಆ ಹೆಸರನ್ನು ಅಚ್ಚು ಹಾಕಿಸಿದ ಅಂಗಿ ತೊಟ್ಟು ಅಖಾಡಕ್ಕೆ ಬರುತ್ತಾರೆ. ಟ್ರ್ಯಾಕ್ಟರ್ ಬಂದು ಎತ್ತುಗಳ ಸಾಕಣೆ ಕುಗ್ಗಿರುವ ಈ ಕಾಲದಲ್ಲಿ ಅನೇಕ ಮನೆಗಳಲ್ಲಿ ನಾಟಿ ಹೋರಿ ಉಳಿದಿರುವುದು ಸ್ಪರ್ಧೆಯ ಕಾರಣದಿಂದ ಎಂಬುದು ಇದರ ಬೆಂಬಲಿಗರ ವಾದ.

ಕಾನೂನಿನ ಹಿನ್ನೆಲೆ

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 3ನೇ ಕಲಮು ಪ್ರಾಣಿಯ ಕ್ಷೇಮವನ್ನು ಕಾಯುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸುತ್ತದೆ. 11ನೇ ಕಲಮು ಹಿಂಸೆ ಯಾವುದೆಂದು ವಿವರಿಸುತ್ತದೆ. ಈ ಕಾಯ್ದೆಯ ಆಧಾರದ ಮೇಲೆ ಸರ್ವೋಚ್ಚ ನ್ಯಾಯಾಲಯವು 2014ರ ಮೇ 7ರಂದು ತಮಿಳುನಾಡಿನ ಜಲ್ಲಿಕಟ್ಟು ಹಾಗೂ ಎತ್ತಿನಗಾಡಿ ಓಟಗಳನ್ನು ನಿಷೇಧಿಸಿತು. 2017ರಲ್ಲಿ ತಮಿಳುನಾಡಿನಲ್ಲಿ ನಡೆದ ಜಲ್ಲಿಕಟ್ಟು ಪರ ಚಳವಳಿಯ ನಂತರ ಕರ್ನಾಟಕವೂ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ, ಹೋರಿ ಓಟ ಮತ್ತು ಎತ್ತಿನಗಾಡಿ ಓಟಗಳಿಗೆ ಅವಕಾಶ ಕಲ್ಪಿಸಿತು. ತಮಿಳುನಾಡು, ಮಹಾರಾಷ್ಟ್ರ ಮತ್ತು ಕರ್ನಾಟಕಗಳ ಇಂತಹ ತಿದ್ದುಪಡಿಗಳನ್ನು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2023ರ ಮೇ 18ರಂದು ಎತ್ತಿಹಿಡಿಯಿತು. ಆದರೆ ಈ ಅವಕಾಶವು ಷರತ್ತುಗಳಿಗೆ ಒಳಪಟ್ಟಿದೆ. ಪ್ರಾಣಿಗೆ ಅನಾವಶ್ಯಕ ನೋವು ಕೊಡುವುದು ಈಗಲೂ ಅಪರಾಧವೇ ಆಗಿದೆ.

ಅಪಾಯಗಳು ಮತ್ತು ಸುರಕ್ಷತೆ

ಈ ಕ್ರೀಡೆಯಲ್ಲಿ ಪ್ರಾಣಾಪಾಯವಿದೆ. 2022ರ ದೀಪಾವಳಿಯ ನಂತರ ಶಿವಮೊಗ್ಗ ಜಿಲ್ಲೆಯಲ್ಲಿ ಹೋರಿ ತಿವಿದು ಇಬ್ಬರು ಮೃತಪಟ್ಟರು. 2025ರ ಅಕ್ಟೋಬರ್‌ನಲ್ಲಿ ಹಾವೇರಿ ಜಿಲ್ಲೆಯ ಬೇರೆ ಬೇರೆ ಊರುಗಳಲ್ಲಿ ಮೂವರು ಸಾವಿಗೀಡಾದರು. ಮೃತರಲ್ಲಿ ಹಿಡಿಯಲು ನಿಂತ ಯುವಕರಷ್ಟೇ ಅಲ್ಲ, ಸ್ಪರ್ಧೆಯಲ್ಲಿ ಪಾಲ್ಗೊಳ್ಳದ ವೃದ್ಧರೂ ಇದ್ದರು. ಅಖಾಡದ ಕೊನೆಯಲ್ಲಿ ಬೆದರಿದ ಹೋರಿಯನ್ನು ತಡೆದು ಹಿಡಿಯುವ ವ್ಯವಸ್ಥೆ ಇಲ್ಲದಿದ್ದರೆ ಅದು ಬೀದಿಗೆ ನುಗ್ಗಿ ದಾರಿಹೋಕರನ್ನು ತಿವಿಯಬಹುದು.

ಅಪಾಯವನ್ನು ತಗ್ಗಿಸುವ ಮುಖ್ಯ ಉಪಾಯಗಳು ಇವು: ಓಣಿಯ ಎರಡೂ ಬದಿಗೆ ಗಟ್ಟಿಯಾದ ಜೋಡಿ ತಡೆ, ಪ್ರೇಕ್ಷಕರಿಗೆ ಪ್ರತ್ಯೇಕ ಸ್ಥಳ, ಓಟದ ಕೊನೆಯಲ್ಲಿ ವಿಶಾಲವಾದ ಮುಚ್ಚಿದ ಬಯಲು, ಸ್ಥಳದಲ್ಲಿ ಆಂಬುಲೆನ್ಸ್ ಮತ್ತು ಪಶುವೈದ್ಯರು, ಹೋರಿಗೆ ಹೊಡೆಯುವುದಕ್ಕೂ ಬಾಲ ತಿರುಚುವುದಕ್ಕೂ ಪೂರ್ಣ ನಿಷೇಧ. ಇಕ್ಕಟ್ಟಾದ ಊರ ಬೀದಿಗಳಲ್ಲಿ ಇವನ್ನೆಲ್ಲ ಅಳವಡಿಸುವುದು ಕಷ್ಟ. ಆದ್ದರಿಂದ ಸ್ಪರ್ಧೆಯನ್ನು ಬೀದಿಯಿಂದ ಬಯಲಿಗೆ ಸ್ಥಳಾಂತರಿಸಬೇಕೆ ಎಂಬುದು ಈ ಹಬ್ಬದ ಮುಂದಿರುವ ಪ್ರಮುಖ ಪ್ರಶ್ನೆಯಾಗಿದೆ. ಹಬ್ಬವು ಊರ ಬೀದಿಗೆ, ಮನೆಯಂಗಳಕ್ಕೆ ಸೇರಿದ್ದೆಂದು ಭಾವಿಸುವ ಹಿರಿಯರಿಗೆ ಈ ಬದಲಾವಣೆ ಸುಲಭವಲ್ಲ. ಆದರೆ ಹೊರಗಿನ ಹೋರಿಗಳೂ ಸಾವಿರಾರು ಪ್ರೇಕ್ಷಕರೂ ಸೇರುವ ಬಹುಮಾನದ ಸ್ಪರ್ಧೆಯನ್ನು ಊರೊಳಗಿನ ಹಳೆಯ ವಿನೋದದ ಅಳತೆಯಲ್ಲಿಯೇ ನಡೆಸುವುದು ಸಾಧ್ಯವಿಲ್ಲ.