ಅಗರಬತ್ತಿಯ ಹೊಗೆ ಮತ್ತು ರೊದ್ದಂ ನರಸಿಂಹ

ಬೆಂಗಳೂರಿನಿಂದ ಕೆಜಿಎಫ್‌ಗೆ ರೈಲಿನಲ್ಲಿ ಹೋದವರಿಗೆ ಬಂಗಾರಪೇಟೆ ಗೊತ್ತು. ಮಾರಿಕುಪ್ಪಂ ಕಡೆಯ ಹಳಿ ಅಲ್ಲಿಂದಲೇ ಕವಲೊಡೆಯುತ್ತದೆ. ಆ ಕಡೆ ಹೋದವರೆಲ್ಲ ಚಿನ್ನದ ಗಣಿಯ ಮಾತೇ ಆಡುತ್ತಾರೆ. ಅದೇ ತಾಲೂಕಿನ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು ಅನ್ನುವುದು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆಯೋ! ಹೈದರನ ತಂದೆ ಫತೆ ಮುಹಮ್ಮದ್ ಆರ್ಕಾಟ್ ನವಾಬರ ಸೈನ್ಯದಲ್ಲಿ 50 ಮಂದಿಯ ರಾಕೆಟ್ ಪಡೆಗೆ ಮುಖ್ಯಸ್ಥರಾಗಿದ್ದವರು. ಮುಂದೆ ಮೈಸೂರಿನವರು ರಾಕೆಟ್ಟಿಗೆ ಕಬ್ಬಿಣದ ಕೊಳವೆ ಹಾಕಿದರು. 1780ರ ಪೊಳ್ಳಿಲೂರು ಯುದ್ಧದಲ್ಲಿ ಅದರ ಬಿಸಿ ಇಂಗ್ಲಿಷರಿಗೆ ತಟ್ಟಿತು.

ಈ ರಾಕೆಟ್ಟುಗಳ ಚರಿತ್ರೆಯನ್ನು 1985ರಲ್ಲಿ ಇಂಜಿನಿಯರ್ ಕಣ್ಣಿನಿಂದ ನೋಡಿ ಬರೆದವರು ಪ್ರೊ. ರೊದ್ದಂ ನರಸಿಂಹ. ಆಗ ಅವರು ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯ ನಿರ್ದೇಶಕರು. ಟಿಪ್ಪುವಿನ ರಾಕೆಟ್ ಬಗ್ಗೆ ಭಾಷಣ ಮಾಡುವ ನಾವೆಲ್ಲ ಅವರ ಬರಹದ ಋಣದಲ್ಲಿದ್ದೇವೆ, ಹೆಸರು ಹೇಳುವುದು ಮಾತ್ರ ಕಡಿಮೆ. ಆದರೆ ಅವರ ಬದುಕಿನ ದೊಡ್ಡ ಕೆಲಸ ಬೇರೆಯೇ. ಅದು ಗಾಳಿಯ ಬಗ್ಗೆ.

ಮನೆಯಲ್ಲಿ ಅಗರಬತ್ತಿ ಹಚ್ಚಿ ನೋಡಿ. ಹೊಗೆ ಮೊದಲು ನೂಲಿನಂತೆ ನೇರ ಏರುತ್ತದೆ. ಸ್ವಲ್ಪ ಮೇಲೆ ಹೋದ ಮೇಲೆ ಸುರುಳಿ ಸುತ್ತಿ ಚೆದುರುತ್ತದೆ. ಶಾಂತವಾಗಿದ್ದದ್ದು ಗಲಿಬಿಲಿ ಆಯಿತು. ಇನ್ನು ಸೀಲಿಂಗ್ ಫ್ಯಾನ್ ನೋಡಿ. ದಿನವಿಡೀ ತಿರುಗಿದರೂ ರೆಕ್ಕೆಯ ಮೇಲಿನ ಧೂಳು ಹಾರುವುದಿಲ್ಲ, ಅಲ್ವಾ? ರೆಕ್ಕೆಗೆ ತಾಗಿದ ಗಾಳಿ ರೆಕ್ಕೆಗೇ ಅಂಟಿಕೊಂಡು ಅದರ ಜೊತೆಗೇ ಸುತ್ತುತ್ತದೆ. ಹೀಗೆ ಮೈಗೆ ಹತ್ತಿಕೊಂಡ ಗಾಳಿಯ ತೆಳು ಪದರಕ್ಕೆ ಬೌಂಡರಿ ಲೇಯರ್ ಅನ್ನುತ್ತಾರೆ. 1904ರಲ್ಲಿ ಜರ್ಮನಿಯ ಪ್ರಾಂಟ್ಲ್ ಅದನ್ನು ಮೊದಲು ವಿವರಿಸಿದರು.

ವಿಮಾನದ ರೆಕ್ಕೆಯ ಮೇಲೂ ಇದೇ ಪದರವಿದೆ. ರೆಕ್ಕೆಯ ಮುಂದಿನ ಅಂಚಿನಲ್ಲಿ ಅದು ನುಣುಪಾಗಿ ಹರಿಯುತ್ತದೆ, ಹಿಂದೆ ಹೋದಂತೆ ಕದಡುತ್ತದೆ. ಕದಡಿದರೆ ಉಜ್ಜಾಟ ಜಾಸ್ತಿ, ಎಣ್ಣೆ ಖರ್ಚೂ ಜಾಸ್ತಿ. ಬಜ್ಪೆಯಿಂದ ದುಬೈಗೆ ಹೋಗುವ ಪ್ರತಿ ವಿಮಾನದ ಲೆಕ್ಕದಲ್ಲೂ ಇದು ಸೇರಿದೆ. ಹಾಗಂತ ಕದಡುವುದು ಯಾವಾಗಲೂ ಕೆಟ್ಟದ್ದಲ್ಲ. ಹೊಸ ಕ್ರಿಕೆಟ್ ಚೆಂಡು ಸ್ವಿಂಗ್ ಆಗುವುದೇ ಅದರಿಂದ. ಓರೆಯಾಗಿ ಹಿಡಿದ ಹೊಲಿಗೆ ಒಂದು ಬದಿಯ ಪದರವನ್ನು ಕದಡಿಸುತ್ತದೆ, ಇನ್ನೊಂದು ಬದಿ ನುಣುಪಾಗೇ ಉಳಿಯುತ್ತದೆ.

ಪ್ರಶ್ನೆ ಏನೆಂದರೆ, ಈ ಬದಲಾವಣೆ ಆಗುವುದು ಹೇಗೆ? ಗೆರೆ ಎಳೆದಂತೆ ಒಮ್ಮೆಲೇ ಅಲ್ಲ. 1951ರಲ್ಲಿ ಅಮೆರಿಕದ ಎಮ್ಮನ್ಸ್ ಎಂಬವರು ತೆಳುವಾಗಿ ಹರಿಯುವ ನೀರಿನಲ್ಲಿ ಅಲ್ಲಲ್ಲಿ ಕದಡಿದ ಚುಕ್ಕೆಗಳು ಹುಟ್ಟುವುದನ್ನು ಕಂಡರು. ಆ ಚುಕ್ಕೆಗಳು ಹರಿವಿನ ಜೊತೆ ಸಾಗುತ್ತ ಹಿಗ್ಗಿ, ಒಂದಕ್ಕೊಂದು ಸೇರಿ ಕೊನೆಗೆ ಎಲ್ಲವೂ ಗಲಿಬಿಲಿ. ಮೊದಲ ಮಳೆಯ ಹನಿ ಒಣ ಅಂಗಳದಲ್ಲಿ ಎಲ್ಲೆಂದರಲ್ಲಿ ಬೀಳುತ್ತದಲ್ಲ, ಚುಕ್ಕೆಗಳೂ ಹಾಗೆ ಎಲ್ಲಿ ಬೇಕಾದರೂ ಹುಟ್ಟಬಹುದು ಅಂತ ಅವರ ಲೆಕ್ಕವಿತ್ತು.

ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಆಗ ಸತೀಶ್ ಧವನ್ ಪಾಠ ಮಾಡುತ್ತಿದ್ದರು. ಮುಂದೆ ಇಸ್ರೋ ಅಧ್ಯಕ್ಷರಾದವರು ಇವರೇ. ನರಸಿಂಹ ಅವರ ಶಿಷ್ಯ. ಗಾಳಿಸುರಂಗದಲ್ಲಿ ಕೂದಲಿಗಿಂತ ತೆಳ್ಳಗಿನ ಬಿಸಿ ತಂತಿ ಇಟ್ಟರೆ, ಗಾಳಿಯ ವೇಗ ಏರಿಳಿದಂತೆ ತಂತಿ ತಣಿದು ಸಂಕೇತ ಕೊಡುತ್ತದೆ. ಒಂದೇ ಜಾಗದಲ್ಲಿ ಒಂದು ಕ್ಷಣ ಶಾಂತ, ಮರುಕ್ಷಣ ಗಲಿಬಿಲಿ. ಎಷ್ಟು ಪಾಲು ಸಮಯ ಗಲಿಬಿಲಿ ಎಂದು ಬೇರೆ ಬೇರೆ ದೂರದಲ್ಲಿ ಅಳೆದರೆ ಒಂದು ವಕ್ರರೇಖೆ ಸಿಗುತ್ತದೆ. ಎಮ್ಮನ್ಸ್‌ರ ಮಳೆಹನಿ ಲೆಕ್ಕಕ್ಕೆ ಆ ರೇಖೆ ಸರಿಹೋಗಲಿಲ್ಲ.

ಚುಕ್ಕೆಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ, ಬಹುಪಾಲು ಒಂದೇ ಕಿರಿದಾದ ಪಟ್ಟಿಯಲ್ಲಿ ಹುಟ್ಟುತ್ತವೆ, ಆಮೇಲೆ ಹರಡುತ್ತವೆ ಎಂದರು ನರಸಿಂಹ. ಮದ್ರಸ ಬಿಟ್ಟಾಗ ಮಕ್ಕಳು ಒಂದೇ ಬಾಗಿಲಿನಿಂದ ಹೊರಬಿದ್ದು ಅಂಗಳ ತುಂಬುತ್ತಾರಲ್ಲ, ಹಾಗೆ. ದಿನಾ ನೋಡುವ ನನಗೆ ಇದು ಥಟ್ಟನೆ ಅರ್ಥವಾಯಿತು! ಹಾಗೆ ಲೆಕ್ಕ ಹಾಕಿದಾಗ ಅಳತೆಯೂ ಸೂತ್ರವೂ ಕೂಡಿಬಂದವು. 1957ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಇದು ಎರಡೇ ಪುಟದ ಟಿಪ್ಪಣಿಯಾಗಿ ಬಂತು. ಅವರಿಗಾಗ 24ರ ಆಸುಪಾಸು. ವಿದೇಶಕ್ಕೆ ಹೋಗಿ ಪಿಎಚ್‌ಡಿ ಮಾಡಿದ್ದು ಅದರ ನಂತರ. ಮರುವರ್ಷ ಧವನ್ ಜೊತೆ ದೊಡ್ಡ ಪ್ರಬಂಧವೂ ಬಂತು.

ಇವತ್ತಿಗೂ ಜೆಟ್ ಇಂಜಿನ್‌ನ ಟರ್ಬೈನ್ ಅಲಗು ವಿನ್ಯಾಸ ಮಾಡುವವರು ಆ ಸೂತ್ರ ಬಳಸುತ್ತಾರೆ. ಅಲಗಿನ ಮೇಲೆ ಈ ಅರ್ಧ ಶಾಂತ, ಅರ್ಧ ಗಲಿಬಿಲಿಯ ಭಾಗ ಸಾಕಷ್ಟು ಉದ್ದವಿರುತ್ತದೆ. ಗಾಳಿ ಕದಡಿದ ಕಡೆ ಲೋಹಕ್ಕೆ ತಾಗುವ ಬಿಸಿಯೂ ಹೆಚ್ಚು. ಲೆಕ್ಕ ತಪ್ಪಿದರೆ ಅಲಗಿನ ಆಯುಷ್ಯ ಕಡಿಮೆ.

ನರಸಿಂಹ ಅಲ್ಲಿಗೇ ನಿಲ್ಲಲಿಲ್ಲ. ಕದಡಿದ ಗಾಳಿ ಮತ್ತೆ ಶಾಂತವಾಗಬಹುದೇ ಎಂಬ ತಲೆಕೆಳಗಿನ ಪ್ರಶ್ನೆ ಹಿಡಿದರು. ಹರಿವಿನ ವೇಗವನ್ನು ಜೋರಾಗಿ ಹೆಚ್ಚಿಸಿದರೆ ಆಗುತ್ತದೆ. ಶಿಷ್ಯ ಕೆ.ಆರ್. ಶ್ರೀನಿವಾಸನ್ ಜೊತೆ 1973ರಲ್ಲಿ ಅದು ಹೇಗೆ ಅಂತ ವಿವರಿಸಿದರು. 2013ರಲ್ಲಿ ಪದ್ಮವಿಭೂಷಣ ಬಂತು. 2020ರ ಡಿಸೆಂಬರ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಆ ಕಿರಿದಾದ ಪಟ್ಟಿ ಯಾವ ರೆಕ್ಕೆಯ ಮೇಲೆ ಸರಿಯಾಗಿ ಎಲ್ಲಿ ಬರುತ್ತದೆ ಎಂದು ಮೊದಲೇ ಹೇಳುವ, ಎಲ್ಲ ಕಡೆಗೂ ಹೊಂದುವ ಲೆಕ್ಕ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಈ ಪುಟ ಅವರಿಗೂ ಕೊಡಿ.